ನೆರವಿಗೆ ಹೋದ ಕೈ ಎಡವಿದಾಗ: ಪ್ರಥಮ ಚಿಕಿತ್ಸೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಆಸುಪಾಸಿನ ಯುವಕ ಮಂಡಲ, ಮಹಿಳಾ ಮಂಡಲ ಮತ್ತು ಶಾಲೆಗಳಲ್ಲಿ ಪ್ರಥಮ ಚಿಕಿತ್ಸೆಯ ತರಗತಿ ನಡೆಸುವಾಗ, ಎಲ್ಲರೆದುರು ಯಾರೂ ಕೇಳದೆ, ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಗಳಿವು. ಬಹುತೇಕ ಪ್ರಶ್ನೆಗಳ ಹಿಂದೆ ನಡೆದುಹೋದ ಒಂದು ಘಟನೆಯಿದೆ, ಅದನ್ನು ಹೇಳಿಕೊಳ್ಳಲಾಗದ ಸಂಕೋಚವಿದೆ. ಕೇಳಿದವರ ಗುರುತು ಬಿಟ್ಟುಕೊಡದೆ ಇಲ್ಲಿ ಉತ್ತರಿಸಿದ್ದೇನೆ.

ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡಾಗ ಅನ್ನದ ಉಂಡೆ ನುಂಗಿಸುವುದು ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ಕ್ರಮ. ಅದರಲ್ಲಿ ತಪ್ಪೇನಿದೆ?

ಕರಾವಳಿಯಲ್ಲಿ ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ಬೂತಾಯಿಯಂಥ ಮೀನಿನ ಎಳೆಯ ಮುಳ್ಳು ಹೆಚ್ಚಿನ ಸಲ ತಾನಾಗಿಯೇ ಜಾರಿ ಹೊಟ್ಟೆ ಸೇರುತ್ತದೆ. ಅದೇ ಹೊತ್ತಿಗೆ ಕುಚ್ಚಲಕ್ಕಿ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ನುಂಗಿರುವುದರಿಂದ ಅದರಿಂದಲೇ ಗುಣವಾಯಿತೆಂಬ ನಂಬಿಕೆ ಗಟ್ಟಿಯಾಗುತ್ತದೆ. ತೊಂದರೆ ಬರುವುದು ಗಟ್ಟಿ ಮುಳ್ಳು ಚುಚ್ಚಿಕೊಂಡಾಗ. ಟಾನ್ಸಿಲ್‌ನಲ್ಲೋ ನಾಲಗೆಯ ಬುಡದಲ್ಲೋ ನಾಟಿರುವ ಮುಳ್ಳು ವೈದ್ಯರಿಗೆ ಬಾಯಿ ತೆರೆಸಿ ದೀಪ ಹಿಡಿದರೆ ಕಾಣುವಂತಿರುತ್ತದೆ ಮತ್ತು ಚಿಮಟದಲ್ಲಿ ತೆಗೆಯುವಂತಿರುತ್ತದೆ. ಅದರ ಮೇಲೆ ಅನ್ನದ ಉಂಡೆಯ ಒತ್ತಡ ಬಿದ್ದರೆ ಮುಳ್ಳು ಇನ್ನಷ್ಟು ಆಳಕ್ಕೆ ಇಳಿದು, ಅನ್ನನಾಳದ ಗೋಡೆಗೆ ಚುಚ್ಚಿ, ಕೆಲವು ನಿಮಿಷದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಎಂಡೋಸ್ಕೋಪಿ ಬೇಕಾಗಬಹುದು. ಆಗ ಇನ್ನೊಂದು ಅಡಚಣೆ ಎದುರಾಗುತ್ತದೆ: ಹೊಟ್ಟೆ ತುಂಬಿರುವವರಿಗೆ ಅರಿವಳಿಕೆ ಕೊಟ್ಟರೆ ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿರುವುದರಿಂದ, ತುರ್ತಿಲ್ಲದಿದ್ದರೆ ಕೆಲವು ಗಂಟೆ ಕಾಯಬೇಕಾಗುತ್ತದೆ. ಪ್ರೀತಿಯಿಂದ ನುಂಗಿಸಿದ ನಾಲ್ಕು ಉಂಡೆ ಹೀಗೆ ರೋಗಿಯ ನೋವನ್ನು ಸಂಜೆಯ ತನಕ ಎಳೆಯುತ್ತದೆ.

ಮೆಲ್ಲಗೆ ಕೆಮ್ಮಲಿ, ಬಾಯಿ ಮುಕ್ಕಳಿಸಲಿ, ಅಷ್ಟರಲ್ಲಿ ಹೋಗದಿದ್ದರೆ ತಿನ್ನುವುದನ್ನು ನಿಲ್ಲಿಸಿ ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ ಹೋಗಲಿ. ಬೆರಳು ಹಾಕಿ ತಡಕಬೇಡಿ. ಎಂಜಲು ನುಂಗಲಾಗದೆ ಬಾಯಿಂದ ಸುರಿಯುತ್ತಿದ್ದರೆ, ರಕ್ತ ಬಂದರೆ, ಎದೆ ಅಥವಾ ಕುತ್ತಿಗೆಯಲ್ಲಿ ನೋವು ಕಾಣಿಸಿಕೊಂಡರೆ ತಡಮಾಡಬಾರದು. ಮುಳ್ಳು ಹೋದ ಮೇಲೂ ಗೀರಿದ ಜಾಗ ಒಂದೆರಡು ದಿನ ಚುಚ್ಚಿದಂತೆ ಅನಿಸುವುದುಂಟು.

ಇದು ಮುಳ್ಳಿನ ಮಾತು. ಆಹಾರದ ತುಂಡು ಉಸಿರಿನ ದಾರಿಗೆ ಅಡ್ಡವಾಗಿ, ಮಾತೂ ಕೆಮ್ಮೂ ಹೊರಡದೆ ಕೈಯಿಂದ ಕುತ್ತಿಗೆ ಹಿಡಿದುಕೊಂಡವರ ಸ್ಥಿತಿ ಬೇರೆಯೇ. ಅವರನ್ನು ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಬಲವಾದ ಗುದ್ದು ಕೊಡಬೇಕು. ಅದರಿಂದಾಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. 1974ರಲ್ಲಿ ಹೆನ್ರಿ ಹೈಮ್ಲಿಕ್ ವಿವರಿಸಿದ ಈ ಕ್ರಮವನ್ನು ಕೂಸುಗಳಿಗೂ ಗರ್ಭಿಣಿಯರಿಗೂ ಮಾಡಬಾರದು. ಅವರಿಗೆ ಹೊಟ್ಟೆಯ ಬದಲು ಎದೆಯನ್ನು ಒತ್ತುವ ವಿಧಾನವಿದೆ. ಚೆನ್ನಾಗಿ ಕೆಮ್ಮುತ್ತಿರುವವರ ಬೆನ್ನಿಗೆ ಗುದ್ದಬೇಡಿ, ಕೆಮ್ಮಲು ಬಿಡಿ.

ಮದುವೆ ಮಂಟಪದಲ್ಲಿ ತಲೆ ಸುತ್ತಿ ಬಿದ್ದವರಿಗೆ ನೀರು ಕುಡಿಸಿದೆ, ಅವರು ಕೆಮ್ಮಿ ಕೆಮ್ಮಿ ಸುಸ್ತಾದರು. ನಾನು ಮಾಡಿದ್ದು ತಪ್ಪೇ?

ತಪ್ಪು ಹೌದು. ಅದನ್ನೇ ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ, ಮೇ ತಿಂಗಳ ಸೆಕೆಯಲ್ಲಿ, ಧಾರೆಯ ಹೊತ್ತಿಗೆ ನನ್ನ ದೊಡ್ಡಮ್ಮ ಕುಸಿದರು. ನಾನು ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದು ಲೋಟದ ನೀರನ್ನು ಬಾಯಿಗೆ ಹೊಯ್ದೆ. ನೀರು ಶ್ವಾಸನಾಳಕ್ಕೆ ಇಳಿಯಿತು. ಎಚ್ಚರ ಬಂದ ಮೇಲೂ ಅವರು ಬಹಳ ಹೊತ್ತು ಕೆಮ್ಮುತ್ತಿದ್ದರು; ಸುತ್ತ ನಿಂತವರೆಲ್ಲ ನೋಡುತ್ತಿದ್ದಾಗ ನನ್ನ ಕೈಯಲ್ಲಿ ಖಾಲಿ ಲೋಟವಿತ್ತು. ಪ್ರಥಮ ಚಿಕಿತ್ಸೆಯನ್ನು ಕ್ರಮವಾಗಿ ಕಲಿಯಲು ನಾನು ಹೊರಟದ್ದು ಅದರ ನಂತರ.

ಎಚ್ಚರ ತಪ್ಪಿದವರಿಗೆ ನುಂಗುವ ಶಕ್ತಿಯೂ, ದಾರಿ ತಪ್ಪಿದ ನೀರನ್ನು ಕೆಮ್ಮಿ ಹೊರಹಾಕುವ ಶಕ್ತಿಯೂ ಇರುವುದಿಲ್ಲ. ಸಕ್ಕರೆ ಕಾಯಿಲೆಯವರೆಂದು ಗೊತ್ತಿದ್ದು, ಸಕ್ಕರೆ ಇಳಿದಿದೆ ಎಂಬ ಅನುಮಾನವಿದ್ದರೂ, ನುಂಗುವಷ್ಟು ಎಚ್ಚರವಿಲ್ಲದವರ ಬಾಯಿಗೆ ಶರಬತ್ತು ಹೊಯ್ಯಬಾರದು. ಇನ್ನು ಕುರ್ಚಿಯಲ್ಲಿ ಕೂರಿಸಿದ್ದು ಎರಡನೆಯ ತಪ್ಪು. ಮಿದುಳಿಗೆ ಹೋಗುವ ರಕ್ತ ಕ್ಷಣಕಾಲ ಕಡಿಮೆಯಾದದ್ದರಿಂದ ದೇಹ ಕುಸಿದಿರುತ್ತದೆ. ನೆಲದ ಮೇಲೆ ಮಲಗಿದರೆ ರಕ್ತ ಸುಲಭವಾಗಿ ತಲೆಯತ್ತ ಹರಿಯುತ್ತದೆ, ಕೂರಿಸಿದರೆ ಮತ್ತೆ ಕೆಳಗಿಳಿಯುತ್ತದೆ. ಅಂಗಾತ ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರಿಸಿ, ಕುತ್ತಿಗೆಯ ಬಳಿ ಬಿಗಿಯಾದ ಬಟ್ಟೆ ಸಡಿಲಿಸಿ, ಜನರನ್ನು ದೂರ ಸರಿಸಿದರೆ ಹೆಚ್ಚಿನವರು ಒಂದೆರಡು ನಿಮಿಷದಲ್ಲಿ ಕಣ್ಣು ತೆರೆಯುತ್ತಾರೆ. ತೆರೆಯದಿದ್ದರೆ, ಎದೆನೋವಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ.

ಎದೆ ಒತ್ತಲು ಆರಂಭಿಸಿದಾಗ ಅವರು ನನ್ನ ಕೈಯನ್ನು ತಳ್ಳಿಬಿಟ್ಟರು. ಎಲ್ಲರೆದುರು ಅವಮಾನವಾಯಿತು. ಮುಂದೆ ಇಂಥ ಸಂದರ್ಭದಲ್ಲಿ ಸುಮ್ಮನಿರುವುದೇ ಒಳ್ಳೆಯದಲ್ಲವೇ?

ಅಲ್ಲ. ಈ ಪುಟದಲ್ಲಿ ಬಹುತೇಕ ಕಡೆ ಕೈಯನ್ನು ತಡೆಯಿರಿ ಎಂದೇ ಹೇಳುತ್ತಿದ್ದೇನೆ. ಇಲ್ಲಿ ಮಾತ್ರ ತಡೆಯಬೇಡಿ ಎನ್ನುತ್ತೇನೆ. ಕರೆದರೂ ತಟ್ಟಿದರೂ ಪ್ರತಿಕ್ರಿಯೆಯಿಲ್ಲ, ಉಸಿರು ಸಹಜವಾಗಿಲ್ಲ ಎಂದಾದರೆ ಎದೆ ಒತ್ತಲೇಬೇಕು. ಬಾಯಿ ತೆರೆದು ಅಪರೂಪಕ್ಕೊಮ್ಮೆ ಗೊರಗೊರನೆ ಎಳೆದುಕೊಳ್ಳುವುದು ಉಸಿರಾಟವಲ್ಲ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಹಾಗಾಗುವುದುಂಟು. ಹೃದಯ ನಿಂತಿರದವರ ಎದೆಯನ್ನು ಸ್ವಲ್ಪ ಹೊತ್ತು ಒತ್ತಿದರೆ ದೊಡ್ಡ ಹಾನಿಯಾಗುವ ಸಂಭವ ಕಡಿಮೆ, ನಿಂತಿರುವವರ ಎದೆಯನ್ನು ಒತ್ತದಿದ್ದರೆ ಅವರು ಉಳಿಯುವುದಿಲ್ಲ. ಆದ್ದರಿಂದ ಅವರು ಕೈ ತಳ್ಳಿದ್ದು ಸಂತೋಷದ ವಿಷಯ. ಆಗ ನಿಲ್ಲಿಸಿ, ಮಗ್ಗುಲಿಗೆ ಮಲಗಿಸಿ, ಜೊತೆಯಲ್ಲಿರಿ.

ಎದೆಯ ಮಧ್ಯದ ಮೂಳೆಯ ಕೆಳ ಅರ್ಧಭಾಗದಲ್ಲಿ, ನಿಮಿಷಕ್ಕೆ 100ರಿಂದ 120 ಸಲ, ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಹೊಟ್ಟೆಯ ಮೇಲೆ ಒತ್ತಿದವರನ್ನೂ, ಎಡಗಡೆ ಹೃದಯವಿದೆಯೆಂದು ಎಡಪಕ್ಕೆಯನ್ನೇ ಒತ್ತಿದವರನ್ನೂ ಕಂಡಿದ್ದೇನೆ. ಪಕ್ಕೆಲುಬು ಮುರಿಯುವುದುಂಟು, ಅದು ಕೂಡಿಕೊಳ್ಳುತ್ತದೆ. ಬಿದ್ದವರು ಹೆಂಗಸು ಎಂದು ಗಂಡಸರು ಹಿಂಜರಿದು ನಿಂತು, ಇನ್ನೊಬ್ಬ ಹೆಂಗಸು ಬರಲಿ ಎಂದು ಕಾಯುವುದು ನಮ್ಮಲ್ಲಿ ನಡೆಯುತ್ತದೆ. ಬಟ್ಟೆಯ ಮೇಲಿನಿಂದಲೇ ಒತ್ತಬಹುದು; ಆ ಮರ್ಯಾದೆಯ ಯೋಚನೆಯಲ್ಲಿ ಕಳೆದ ನಿಮಿಷ ಮರಳಿ ಬರುವುದಿಲ್ಲ.

ಹಾವು ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿಬಿಟ್ಟಿದ್ದೇವೆ. ಈಗ ಬಿಚ್ಚಬೇಕೇ?

ದಾರಿಯಲ್ಲಿ ಗಾಬರಿಯಿಂದ ಒಮ್ಮೆಲೇ ಬಿಚ್ಚಬೇಡಿ. ಬಿಗಿದ ಕಟ್ಟನ್ನು ಏಕಾಏಕಿ ಸಡಿಲಿಸಿದಾಗ ತಡೆದು ನಿಂತ ವಿಷ ಒಟ್ಟಿಗೆ ದೇಹಕ್ಕೆ ಹರಿದು, ಉಸಿರಾಟ ನಿಲ್ಲುವ ಅಥವಾ ರಕ್ತದೊತ್ತಡ ಕುಸಿಯುವ ಅಪಾಯವಿದೆ. ಕೂಡಲೇ ಆಸ್ಪತ್ರೆ ಸೇರಿ, ಎಷ್ಟು ಹೊತ್ತಿಗೆ ಕಟ್ಟಿದಿರಿ ಎಂಬುದನ್ನು ಮೊದಲ ಮಾತಾಗಿ ಹೇಳಿ. ಬಿಚ್ಚುವುದು ವೈದ್ಯರ ಕೆಲಸ. ಮುಂದೆಂದೂ ಕಟ್ಟಬೇಡಿ. ರಕ್ತಸಂಚಾರವಿಲ್ಲದೆ ಕಾಲು ಕೊಳೆತು, ಹಾವಿನಿಂದ ಉಳಿದವರು ಹಗ್ಗದಿಂದ ಕಾಲು ಕಳೆದುಕೊಳ್ಳುವುದಿದೆ.

ಬ್ಲೇಡಿನಿಂದ ಗಾಯ ಕೊಯ್ಯುವುದು ಇನ್ನೂ ಕೆಟ್ಟದ್ದು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಇದನ್ನು ತಿಳಿಯಲು ಆಸ್ಪತ್ರೆಯಲ್ಲಿ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದ ರಕ್ತವಿರುವವರ ಕಾಲಿಗೆ ನೀವು ಬ್ಲೇಡು ಹಾಕಿದರೆ ಆ ಗಾಯದ ರಕ್ತ ನಿಲ್ಲುವುದು ಹೇಗೆ? ಬಾಯಿಯಿಂದ ಹೀರುವುದರಿಂದಲೂ ವಿಷ ಬರುವುದಿಲ್ಲ. ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ಆಸ್ಪತ್ರೆಗೆ ತರಲು ಹೋಗಿ ಕಚ್ಚಿಸಿಕೊಂಡರೆ ರೋಗಿಗಳು ಇಬ್ಬರಾಗುತ್ತಾರೆ. ನಾಗಬನಕ್ಕೆ ತನು ಎರೆಯುವ ನಮ್ಮ ಊರಿನಲ್ಲಿ ಈ ಹೊಡೆಯುವ ಕೆಲಸಕ್ಕೆ ಅರ್ಥವೂ ಇಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ಒಂದೇ ಪ್ರತಿವಿಷವನ್ನು ಬಳಸುವುದರಿಂದ, ಹಾವಿನ ಹೆಸರು ತಿಳಿಯದಿದ್ದರೂ ಲಕ್ಷಣ ನೋಡಿ ಚಿಕಿತ್ಸೆ ಆರಂಭಿಸುತ್ತಾರೆ.

ನಾಟಿ ಮದ್ದಿನಿಂದ ಉಳಿದವರನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರಿದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಕಚ್ಚಿದ ಹಾವುಗಳಲ್ಲಿ ಅನೇಕ ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಯಾವ ಮದ್ದು ಕೊಟ್ಟರೂ ಕೊಡದಿದ್ದರೂ ಉಳಿಯುತ್ತಿದ್ದರು. ಕಟ್ಟುಹಾವಿನದು ಇನ್ನೊಂದು ಬಗೆಯ ಮೋಸ: ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚಿದರೆ ನೋವಾಗಲಿ ಬಾವಾಗಲಿ ಹೆಚ್ಚಿರುವುದಿಲ್ಲ, ಬೆಳಿಗ್ಗೆ ಹೊಟ್ಟೆನೋವು ಬಂದು ರೆಪ್ಪೆ ಜೋತುಬೀಳುತ್ತದೆ. ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯವರು ಜೀರಿಗೆ ಕಷಾಯ ಕೊಟ್ಟು ಕುಳಿತರೆ ಅಮೂಲ್ಯವಾದ ಗಂಟೆಗಳು ಕಳೆಯುತ್ತವೆ. ಭಾರತದಲ್ಲಿ 2000ದಿಂದ 2019ರವರೆಗಿನ ಅವಧಿಯಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆಂಬ ಅಂದಾಜಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ನಡೆಸದೆ, ಮೂಳೆ ಮುರಿದಾಗ ಮಾಡುವಂತೆ ಕೈಕಾಲನ್ನು ಅಲುಗದಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ಉಂಗುರ ಕಾಲುಂಗುರಗಳನ್ನು ಬಾವು ಏರುವ ಮುನ್ನ ತೆಗೆದು, ಪ್ರತಿವಿಷ ಇರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ. ಮಂಗಳೂರಿನ ವೆನ್‌ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲ ಇವೆಲ್ಲ ನಮಗೆ ತಲುಪುವ ದೂರದಲ್ಲೇ ಇರುವಾಗ ಬೇರೆ ದಾರಿ ಹುಡುಕುವ ಅಗತ್ಯವಿಲ್ಲ.

ತೋಟಕ್ಕೆ ಬೋರ್ಡೋ ಸಿಂಪಡಿಸುವಾಗ ಕಣ್ಣಿಗೆ ಸುಣ್ಣ ಬಿತ್ತು. ತುಪ್ಪ ಬಿಟ್ಟೆವು, ಉರಿ ಹೆಚ್ಚಾಯಿತು. ಏಕೆ?

ಅಡಿಕೆಯ ಕೊಳೆರೋಗಕ್ಕೆ ನಾವು ಬಳಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಸುಣ್ಣ ಕ್ಷಾರ, ಅದು ಕಣ್ಣಿನ ಮೇಲ್ಪದರದಲ್ಲಿ ನಿಲ್ಲದೆ ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ತುಪ್ಪ, ಎದೆಹಾಲು, ಎಳನೀರು ಇವುಗಳನ್ನು ತರುವ ಓಡಾಟದಲ್ಲಿ ಕಳೆದ ಪ್ರತಿ ನಿಮಿಷವೂ ದೃಷ್ಟಿಗೆ ಹಾನಿ, ಜಿಡ್ಡಂತೂ ಸುಣ್ಣದ ಕಣವನ್ನು ತೊಳೆದುಹೋಗದಂತೆ ಹಿಡಿದಿಡುತ್ತದೆ. ತೋಟದ ಪೈಪಿನಲ್ಲೋ ಬಾವಿಯಲ್ಲೋ ಇರುವ ಶುಚಿಯಾದ ನೀರು ಸಾಕು. ರೆಪ್ಪೆ ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯುವಂತೆ, ಕನಿಷ್ಠ ಅರ್ಧ ಗಂಟೆ ತೊಳೆಯಬೇಕು, ಉಜ್ಜಬಾರದು. ಆಮೇಲೆ ಉರಿ ಇಳಿದಿದ್ದರೂ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ರೆಪ್ಪೆಯ ಅಡಿಯಲ್ಲಿ ಸುಣ್ಣದ ಕಣ ಉಳಿದಿರಬಹುದು. ಸಿಂಪಡಣೆಯ ದಿನ ಮರದ ಬುಡದಲ್ಲಿ ಒಂದು ಕೊಡಪಾನ ಒಳ್ಳೆಯ ನೀರನ್ನು ಇಟ್ಟುಕೊಳ್ಳುವ ಮನೆಗಳನ್ನು ನೋಡಿದ್ದೇನೆ, ನನಗೆ ಅದು ಬಹಳ ಮೆಚ್ಚುಗೆಯಾಯಿತು.

ಅಡಿಕೆ ಮರದಿಂದ ಬಿದ್ದವರನ್ನು ಎಬ್ಬಿಸಿ ಕೂರಿಸಿ, ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಬೇಗ ತಲುಪಿಸಿದ್ದು ಸರಿಯಲ್ಲವೇ?

ಬೇಗ ತಲುಪಿಸಬೇಕೆಂಬ ಆಸೆ ಸರಿ, ರಿಕ್ಷಾ ಸರಿಯಲ್ಲ. ಎತ್ತರದಿಂದ ಬಿದ್ದವರ ಬೆನ್ನುಮೂಳೆ ಮುರಿದಿರಬಹುದು, ಒಳಗಿನ ನರದ ಹುರಿ ಇನ್ನೂ ಉಳಿದಿರಬಹುದು. ಕೈಕಾಲು ಹಿಡಿದು ಮಡಚಿ ಎತ್ತಿದಾಗ ಮುರಿದ ಮೂಳೆ ಆ ಹುರಿಯನ್ನು ಕತ್ತರಿಸಿದರೆ, ನಡೆಯಬಹುದಾಗಿದ್ದ ಮನುಷ್ಯ ಮತ್ತೆಂದೂ ನಡೆಯಲಾರ. ಉಸಿರಾಡುತ್ತಿದ್ದರೆ, ಬಿದ್ದಲ್ಲಿ ಬೇರೆ ಅಪಾಯವಿಲ್ಲದಿದ್ದರೆ, ಅಲ್ಲೇ ಮಲಗಿರಲಿ. ಒಬ್ಬರು ತಲೆಯ ಎರಡೂ ಬದಿಯನ್ನು ಕೈಯಿಂದ ಹಿಡಿದು ಕುತ್ತಿಗೆ ಅಲುಗದಂತೆ ನೋಡಿಕೊಳ್ಳಲಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಂಬುಲೆನ್ಸ್ ತೋಟದೊಳಗೆ ಬಾರದಿದ್ದರೆ, ನಾಲ್ಕೈದು ಜನ ಸೇರಿ ಮರದ ದಿಮ್ಮಿ ಉರುಳಿಸುವಂತೆ ದೇಹವನ್ನು ಒಟ್ಟಾಗಿ ಹೊರಳಿಸಿ, ಗಟ್ಟಿ ಹಲಗೆಯ ಮೇಲೆ ಹಾಕಿ ತರಬೇಕು. ಕಂಬಳಿಯ ಜೋಲಿ ಬೇಡ, ಅದು ನಡುವಿನಲ್ಲಿ ಬಾಗುತ್ತದೆ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಟ್ಟಾಗ ನಿಂತಿತು. ಹಾಗಾದರೆ ಅದು ಕೆಲಸ ಮಾಡುತ್ತದಲ್ಲವೇ?

ಹೆಚ್ಚಿನ ಸೆಳೆತಗಳು ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ; ಬೀಗದ ಕೈ ಹುಡುಕಿ ತರಲು ಹಿಡಿಯುವ ಸಮಯವೂ ಅಷ್ಟೇ. ಕಬ್ಬಿಣದಿಂದ ಉಪಕಾರವಿಲ್ಲ, ಅಪಕಾರ ಹೆಚ್ಚಾಗುವುದು ಹಲ್ಲಿನ ನಡುವೆ ಚಮಚ ತುರುಕಿದಾಗ. ಹಲ್ಲು ಮುರಿದು ಉಸಿರಿನ ದಾರಿಗೆ ಹೋಗಬಹುದು, ಬೆರಳು ಹಾಕಿದವರ ಬೆರಳು ತುಂಡಾಗಬಹುದು. ನಾಲಗೆಯನ್ನು ನುಂಗಿಬಿಡುತ್ತಾರೆ ಎಂಬುದು ನಿಜವಲ್ಲ. ಹತ್ತಿರದ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಬೈರಾಸು ಮಡಚಿಟ್ಟು, ಗಡಿಯಾರ ನೋಡಿ, ಸೆಳೆತ ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. ಐದು ನಿಮಿಷ ಮೀರಿದರೆ, ಎಚ್ಚರ ಬರುವ ಮುನ್ನ ಮತ್ತೊಮ್ಮೆ ಬಂದರೆ, ಅಥವಾ ಜೀವನದಲ್ಲಿ ಮೊದಲ ಸಲ ಬಂದದ್ದಾದರೆ ಆಸ್ಪತ್ರೆಗೆ ಹೋಗಬೇಕು. ಚಪ್ಪಲಿ ಮೂಸಿಸುವುದನ್ನು ದಯವಿಟ್ಟು ನಿಲ್ಲಿಸಿ; ಎಚ್ಚರ ಬಂದ ಮೇಲೆ ಆ ವ್ಯಕ್ತಿ ಜನರ ನಡುವೆ ತಲೆಯೆತ್ತಬೇಕಲ್ಲ.

ಮೂಗಿನಿಂದ ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ವಾಲಿಸಬೇಕೇ?

ಬೇಡ, ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಬಿಡದೆ 10ರಿಂದ 15 ನಿಮಿಷ ಹಿಡಿಯಿರಿ.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿದ್ದೇವೆ. ಆಸ್ಪತ್ರೆಗೆ ಹೋಗುವ ಮುನ್ನ ಒರೆಸಬೇಕೇ?

ಒರೆಸಲು ಹೋದರೆ ಚರ್ಮ ಕಿತ್ತುಬರುತ್ತದೆ. ಹರಿಯುವ ತಣ್ಣೀರಿನ ಕೆಳಗೆ ಹಿಡಿದಾಗ ಎಷ್ಟು ಹೋಗುತ್ತದೋ ಅಷ್ಟು ಹೋಗಲಿ. ಬಿಸಿ ಗಂಜಿ ಚೆಲ್ಲಿದರೂ, ಎಣ್ಣೆ ಸಿಡಿದರೂ, 20 ನಿಮಿಷ ನಲ್ಲಿ ನೀರು ಬಿಡುವುದಕ್ಕಿಂತ ಉತ್ತಮವಾದ ಮನೆಮದ್ದು ಇಲ್ಲ. ಮಂಜುಗಡ್ಡೆ, ತೆಂಗಿನೆಣ್ಣೆ, ಶಾಯಿ ಯಾವುದೂ ಬೇಡ. ಬಳೆ, ಉಂಗುರ ತೆಗೆದು, ಶುಚಿಯಾದ ಬಟ್ಟೆ ಮುಚ್ಚಿ ಹೊರಡಿ.

ಸಮುದ್ರದಲ್ಲಿ ಮುಳುಗಿದ ಹುಡುಗನನ್ನು ತಲೆಕೆಳಗು ಮಾಡಿ ನೀರು ಕಕ್ಕಿಸಿದೆವು. ಅದು ಸರಿಯೇ?

ಮಲ್ಪೆಯಿಂದ ಸೋಮೇಶ್ವರದ ತನಕ ಎಲ್ಲ ಕಡಲತೀರಗಳಲ್ಲೂ ಈ ಕ್ರಮ ಕಾಣುತ್ತದೆ. ಹೊಟ್ಟೆ ಒತ್ತಿದಾಗ ಹೊರಬರುವುದು ಹೊಟ್ಟೆಯ ನೀರು, ಅದು ಊಟದೊಡನೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಮುಳುಗಿದವರಿಗೆ ಬೇಕಾದದ್ದು ಗಾಳಿ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ನಂತರ ಎದೆ ಒತ್ತಬೇಕು. ಈಜು ಚೆನ್ನಾಗಿ ಬಾರದವರು ಕಾಪಾಡಲು ನೀರಿಗೆ ಇಳಿಯಬಾರದು. ಹಗ್ಗ, ಖಾಲಿ ಕ್ಯಾನು, ಉದ್ದದ ಕೋಲು ಚಾಚಿ. ಒಂದೇ ಮನೆಯ ಇಬ್ಬರು ಮೂವರು ಒಬ್ಬರ ಹಿಂದೊಬ್ಬರು ಇಳಿದು ಹೋದ ಸುದ್ದಿಗಳನ್ನು ಪ್ರತಿ ಮಳೆಗಾಲ ಓದುತ್ತಲೇ ಇದ್ದೇವೆ.

ತೊರಕೆ ಮೀನಿನ ಮುಳ್ಳು ಕಾಲಿಗೆ ಚುಚ್ಚಿದರೆ ಸಹಿಸಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿದರೆ ನೋವು ಇಳಿಯುತ್ತದೆ. ಆದರೆ ನೋವಿನಲ್ಲಿರುವ ಕಾಲಿಗೆ ಬಿಸಿ ತಿಳಿಯುವುದಿಲ್ಲವಾದ್ದರಿಂದ, ಬೇರೆಯವರು ಕೈ ಅದ್ದಿ ನೋಡದೆ ನೀರೆರೆದು ಕಾಲು ಬೇಯಿಸಿದ ಪ್ರಸಂಗಗಳೂ ಇವೆ. ಆಳಕ್ಕೆ ನಾಟಿದ ಮುಳ್ಳನ್ನು ಕೀಳಬೇಡಿ, ವೈದ್ಯರಿಗೆ ಬಿಡಿ.

ನನ್ನಿಂದ ತಪ್ಪಾಯಿತೆಂದು ವೈದ್ಯರಲ್ಲಿ ಹೇಳಬೇಕೇ? ರೋಗಿಯ ಮನೆಯವರಿಗೆ ಮುಖ ತೋರಿಸುವುದು ಹೇಗೆ?

ನನ್ನನ್ನು ಅತ್ಯಂತ ಕಾಡುವ ಪ್ರಶ್ನೆ ಇದೇ. ವೈದ್ಯರಲ್ಲಿ ಹೇಳಲೇಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದು, ಹಗ್ಗ ಕಟ್ಟಿದ್ದು, ಉಂಡೆ ನುಂಗಿಸಿದ್ದು, ಮನೆಯ ಯಾವುದೋ ಮಾತ್ರೆ ಕೊಟ್ಟದ್ದು, ಇವುಗಳಲ್ಲಿ ಪ್ರತಿಯೊಂದೂ ಮುಂದಿನ ಚಿಕಿತ್ಸೆಯನ್ನು ಬದಲಿಸುತ್ತದೆ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಿದ್ದನ್ನು ಮುಚ್ಚಿಟ್ಟರೆ, ಅದು ಶ್ವಾಸಕೋಶಕ್ಕೆ ಹೋಗಿರಬಹುದೆಂಬ ಸುಳಿವು ವೈದ್ಯರಿಗೆ ತಡವಾಗಿ ಸಿಗುತ್ತದೆ. ಮೊದಲ ತಪ್ಪು ಗಾಬರಿಯಲ್ಲಿ ಆದದ್ದು, ಅದನ್ನು ಯಾರಾದರೂ ಕ್ಷಮಿಸುತ್ತಾರೆ. ಮುಚ್ಚಿಡುವುದು ಯೋಚಿಸಿ ಮಾಡುವ ಕೆಲಸ. ವೈದ್ಯರು ಗದರಿದರೆ ಗದರಲಿ, ಮಾತು ಹೇಳಿ ಮುಗಿಸಿ.

ಮನೆಯವರ ವಿಷಯ ಇನ್ನೂ ಕಷ್ಟದ್ದು. ಒಂದೇ ದೇವಸ್ಥಾನ, ಒಂದೇ ಬಸ್ಸು, ಒಂದೇ ಹಾಲಿನ ಡೈರಿ ಇರುವ ಊರಿನಲ್ಲಿ ತಪ್ಪಿಸಿಕೊಂಡು ತಿರುಗಲಾಗುವುದಿಲ್ಲ. ದೊಡ್ಡಮ್ಮನ ಮನೆಗೆ ಹೋಗಲು ನಾನು ಮೂರು ವಾರ ತೆಗೆದುಕೊಂಡೆ. ಹೋಗಿ, "ದೊಡ್ಡಮ್ಮ, ಅಂದು ನಾನು ನೀರು ಹೊಯ್ದದ್ದು ತಪ್ಪು" ಎಂದಾಗ ಅವರು, "ಓಡಿ ಬಂದವ ನೀನೊಬ್ಬನೇ ಅಲ್ಲವೋ ಮಗ" ಎಂದರು. ಎಲ್ಲರಿಗೂ ಇಂಥ ಉತ್ತರ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಹೋಗಿ ಹೇಳಿ, ಕಾರಣಗಳ ಸಮರ್ಥನೆ ಬೇಡ.

ನೆರವಿಗೆ ಹೋದವರ ಮೇಲೆ ಪೊಲೀಸ್ ಕೇಸು ಆಗುವುದಿಲ್ಲವೇ?

ವಾಹನ ಅಪಘಾತಗಳ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮಿನ ಪ್ರಕಾರ, ಪ್ರತಿಫಲದ ಆಸೆಯಿಲ್ಲದೆ ಸದುದ್ದೇಶದಿಂದ ನೆರವಾದವರ ಮೇಲೆ, ಅವರ ಅಜಾಗರೂಕತೆಯಿಂದಲೇ ಹಾನಿಯಾಗಿದ್ದರೂ, ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಕೈಗೊಳ್ಳುವಂತಿಲ್ಲ. ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ವಾಸಿಸುವವರು ಇದನ್ನು ಅಂಗಡಿ, ರಿಕ್ಷಾ ನಿಲ್ದಾಣಗಳಲ್ಲಿ ಹೇಳುತ್ತಿರಬೇಕು.

ಆಂಬುಲೆನ್ಸಿಗೆ ಕರೆ ಮಾಡಿದೆವು, ಮನೆ ಸಿಗದೆ ಸುತ್ತಾಡಿತು. ಏನು ಮಾಡಬಹುದಿತ್ತು?

2008ರ ನವೆಂಬರಿನಿಂದ ರಾಜ್ಯದಲ್ಲಿ 108ರ ಸೇವೆಯಿದೆ. ನಮ್ಮ ಮನೆಗಳು ಗುಡ್ಡದ ಬದಿಯಲ್ಲಿ, ಗದ್ದೆಯ ಆಚೆ, ತೋಟದ ಒಳಗೆ ಚದುರಿರುವುದರಿಂದ ಮನೆಯ ಹೆಸರು ಹೇಳಿದರೆ ಚಾಲಕರಿಗೆ ತಿಳಿಯುವುದಿಲ್ಲ. ಡಾಂಬರು ರಸ್ತೆಯಲ್ಲಿ ಕಾಣುವ ದೈವಸ್ಥಾನದ ದ್ವಾರ, ಶಾಲೆ, ಭಜನಾ ಮಂದಿರ ಇವುಗಳಲ್ಲೊಂದನ್ನು ಹೇಳಿ, ಅಲ್ಲಿಗೆ ಒಬ್ಬರನ್ನು ಟಾರ್ಚು ಕೊಟ್ಟು ಕಳುಹಿಸಿ. ಅಂಗಳದ ದೀಪ ಉರಿಸಿ, ನಾಯಿಯನ್ನು ಕಟ್ಟಿ, ಗೇಟು ತೆರೆದಿಡಿ. ಕರೆ ಮಾಡಿದ ಫೋನನ್ನು ಬೇರೆ ಯಾರಿಗೂ ಕರೆ ಮಾಡಲು ಬಳಸಬೇಡಿ, ಚಾಲಕರು ದಾರಿ ಕೇಳಲು ಅದೇ ಸಂಖ್ಯೆಗೆ ಕರೆ ಮಾಡುತ್ತಾರೆ.